ಹಾಡು ನಿಲ್ಲುವ ಜಾಗ

ನಿಲ್ಲಬೇಕಾದ ಜಾಗದಲ್ಲಿ ಹುಡುಗಿ ನಿಲ್ಲಲಿಲ್ಲ.

ಪುಸ್ತಕದಲ್ಲಿ ಹಾಡು ಮುಗಿದುಹೋಗಿತ್ತು. ಪರೀಕ್ಷಕ ಜುಬೈರನ ಬೆರಳು ಕೊನೆಯ ಸ್ವರದ ಮೇಲೆ ಬಂದು ನಿಂತಿತ್ತು. ಪಕ್ಕದಲ್ಲಿ ವಿದ್ಯಾಲಯದ ನಿರ್ದೇಶಕ ಮುನ್ಸಿಫ್ ಅಂಕ ಹಾಕಲು ಪೆನ್ನಿನ ಮುಚ್ಚಳ ತೆಗೆದಿದ್ದ. ಪಿಯಾನೊ ವಿಭಾಗದ ನಾಜಿಹಾ ಅರ್ಧ ಬಂದ ಆಕಳಿಕೆಯನ್ನು ಮರ್ಯಾದೆಗಾಗಿ ನುಂಗಿಕೊಂಡಿದ್ದಳು. ಹುಡುಗಿ ಮಾತ್ರ ಕಣ್ಣು ಮುಚ್ಚಿಕೊಂಡು ಹಾಡುತ್ತಲೇ ಇದ್ದಳು. ಕೊನೆಯ ಪದವನ್ನೇ ಮತ್ತೊಮ್ಮೆ ಎತ್ತಿಕೊಂಡು ಮೇಲಕ್ಕೆ ಒಯ್ದಳು, ಅಲ್ಲಿ ಸ್ವಲ್ಪ ಹೊತ್ತು ಆಡಿಸಿದಳು, ಆಮೇಲೆ ಎಲ್ಲಿಂದಲೋ ಬಳಸಿಕೊಂಡು ಕೆಳಗಿಳಿದು ಸುಮ್ಮನಾದಳು.

ಪರೀಕ್ಷೆಯ ಕೋಣೆಯಲ್ಲಿ ಮುನ್ಸಿಫ್ ಪೆನ್ನಿನ ಮುಚ್ಚಳ ಮತ್ತೆ ಹಾಕಿದ.

"ಎಲ್ಲಿಂದ ತಂದೆಯಮ್ಮಾ ಇದನ್ನ?" ಎಂದ ಮುನ್ಸಿಫ್.

"ಯಾವುದನ್ನ, ಸರ್?"

"ಕೊನೆಗೆ ಅಂಟಿಸಿದೆಯಲ್ಲ, ಅದನ್ನ."

ಹುಡುಗಿ, ದಲೆಂದಾ, ಕಣ್ಣು ಬಿಟ್ಟು ಮೂವರ ಮುಖವನ್ನೂ ನೋಡಿದಳು. ಆಗ ಅವಳಿಗೆ ಗೊತ್ತಾಯಿತು. ಕಿವಿಯವರೆಗೂ ಕೆಂಪೇರಿತು.

"ಕ್ಷಮಿಸಿ ಸರ್. ಬಾಯಿಗೆ ಬಂದುಬಿಡ್ತು. ನಮ್ಮಜ್ಜಿ ಹೀಗೇ ಹಾಡ್ತಿದ್ರು."

"ನಿಮ್ಮಜ್ಜಿ ಯಾವ ಸಂಗೀತ ವಿದ್ಯಾಲಯದಲ್ಲಿ ಓದಿದ್ರು?" ಎಂದಳು ನಾಜಿಹಾ. ಮುನ್ಸಿಫ್ ನಕ್ಕ. ಜುಬೈರನೂ ನಗುವಿನ ಆಕಾರಕ್ಕೆ ತುಟಿ ತಂದ.

"ಓದಿಲ್ಲ ಮೇಡಂ. ಹಾಡುಗಾರ ಖಮೈಸ್ ಶೇಖ್ ಅವರ ಮನೆ ಪಕ್ಕದಲ್ಲಿದ್ರು. ಶೇಖ್ ಸಾಯಂಕಾಲ ತಾರಸಿ ಮೇಲೆ ಹಾಡಿಕೊಳ್ತಿದ್ದಿದ್ದು ಕಿವಿಗೆ ಬಿದ್ದು ಬಿದ್ದು... ಈಗಿಲ್ಲ ಅಜ್ಜಿ. ಹೋದ ರಂಜಾನ್‌ನಲ್ಲಿ ತೀರಿಕೊಂಡ್ರು."

ಜುಬೈರ್ ಪುಸ್ತಕ ಮುಚ್ಚಿ ಅದರ ಮೇಲೆ ಕೈಯಿಟ್ಟ. ಖಮೈಸ್ ಶೇಖ್ ಅವರ ಹೆಸರು ಅವನ ಕೈಕೆಳಗಿದ್ದ ಪುಸ್ತಕದ ಮೊದಲ ಪುಟದಲ್ಲೇ ಇತ್ತು. ಅದರ ಕೆಳಗೆ, ಸಂಗ್ರಹಿಸಿ ಸ್ವರಲಿಪಿ ಹಾಕಿದವರು ಎಂದು ಅವನದೇ ಹೆಸರು.

ಹುಡುಗಿಯನ್ನು ಹೊರಗೆ ಕಳಿಸಿದ ಮೇಲೆ ಮುನ್ಸಿಫ್ ಕುರ್ಚಿಗೆ ಒರಗಿದ. "ಒಳ್ಳೆ ಗಂಟಲು. ಕೆಫ್ ಊರಿನ ಶಾಲೆಯವರು ಇವಳಿಗೋಸ್ಕರ ಕಾಯ್ತಿದ್ದಾರೆ, ಡಿಪ್ಲೊಮಾ ಕೈಗೆ ಬಂದ್ರೆ ನಾಳೆನೇ ಕೆಲಸ. ಆದ್ರೆ ಪುಸ್ತಕದಲ್ಲಿಲ್ಲದ್ದನ್ನ ಹಾಡಿದ್ಲಲ್ಲ. ಏನ್ಮಾಡೋಣ, ಸೀ ಜುಬೈರ್?" ಗೌರವದ 'ಸೀ'ಯನ್ನು ಅವನು ಎಂದೂ ಬಿಡುತ್ತಿರಲಿಲ್ಲ.

"ಕೊನೇಲಿ ತಪ್ಪಿದ್ದಾಳೆ ಅಷ್ಟೇ," ಎಂದಳು ನಾಜಿಹಾ.

"ಕೊನೇಲೇ ತಾನೇ ಇರೋದು ಎಲ್ಲ! ಒಟ್ಟು ಅಂಕದಲ್ಲಿ ಅರ್ಧ ಆ ನಿಲುಗಡೆಗೇ." ಮುನ್ಸಿಫ್ ಜುಬೈರನತ್ತ ತಿರುಗಿದ. "ನಿಮ್ಮ ಶೇಖ್ ಇನ್ನೂ ಬದುಕಿದ್ದಾರಲ್ಲ? ಹೋಗಿ ಒಂದು ಮಾತು ಕೇಳ್ಕೊಂಡು ಬನ್ನಿ. ಅಜ್ಜಿ ಸರಿಯೋ ಪುಸ್ತಕ ಸರಿಯೋ. ಸಂಜೆ ಇನ್ನೊಂದು ಸಲ ಕೂರೋಣ."

ತಮಾಷೆಗೆಂಬಂತೆ ಹೇಳಿದ. ಜುಬೈರ್ ತಮಾಷೆಗೆಂಬಂತೆಯೇ ಎದ್ದ.

ಆ ವರ್ಷ ಅವರ ವಿದ್ಯಾಲಯ ದಾರ್ ಅಲ್-ನಗಮ್‌ಗೆ ಐವತ್ತು ವರ್ಷ ತುಂಬುತ್ತಿತ್ತು. ಮುಂದಿನ ವಾರ ಮಂತ್ರಿಗಳು ಬರುವವರಿದ್ದರು. 'ರಾಷ್ಟ್ರೀಯ ಸಂಗೀತ ವಿದ್ಯಾಲಯದ ಇತಿಹಾಸ ಮತ್ತು ಪಾತ್ರ' ಎಂಬ ಭಾಷಣ ಬರೆಯುವ ಕೆಲಸ ಜುಬೈರನ ತಲೆಗೆ ಬಿದ್ದಿತ್ತು. ಇತಿಹಾಸವೇನೋ ಸಲೀಸಾಗಿ ಬಂತು. ದೊರೆಯ ನೆಂಟನೊಬ್ಬನ ಪಾಳುಬಿದ್ದ ಅರಮನೆ. ಫ್ರೆಂಚರ ಕಾಲದಲ್ಲಿ ನಾಲ್ಕಾರು ಮಂದಿ ಓದಿದವರು ಅದನ್ನು ಕಾಡಿ ಬೇಡಿ ಪಡೆದುಕೊಂಡರು. ಮಾಲೂಫ್ ಎಂಬ ಸಾಂಪ್ರದಾಯಿಕ ಹಾಡುಗಳನ್ನು ಹಾಡುವ ಮುದುಕರು ಒಬ್ಬೊಬ್ಬರಾಗಿ ಸಾಯುತ್ತಿದ್ದಾರೆ, ಅವರ ಜೊತೆ ಹಾಡೂ ಮಣ್ಣಾಗುತ್ತದೆ, ಅಷ್ಟರೊಳಗೆ ಬರೆದಿಡಬೇಕು ಎಂಬುದು ಅವರ ಆತುರ. ಹಾಡು ಗೊತ್ತಿದ್ದವರೆಲ್ಲ ಟೋಪಿ ಮಾಡುವವರು, ಕ್ಷೌರಿಕರು, ನೇಯುವವರು. ಒಬ್ಬೊಬ್ಬರು ಒಂದೊಂದು ಥರ ಹಾಡುತ್ತಿದ್ದರು. ಒಬ್ಬನೇ ಬೆಳಿಗ್ಗೆ ಒಂದು ಥರ, ಸಂಜೆ ಇನ್ನೊಂದು ಥರ ಹಾಡುತ್ತಿದ್ದ. ಸ್ವಾತಂತ್ರ್ಯ ಬಂದ ಮೇಲೆ ಒಂದು ದೇಶಕ್ಕೆ ಇಷ್ಟೊಂದು ಥರ ಒಳ್ಳೆಯದಲ್ಲವೆಂದು ತೀರ್ಮಾನವಾಯಿತು. ಪುಸ್ತಕಗಳು ಅಚ್ಚಾಗಿ ಎಲ್ಲ ಊರುಗಳ ಶಾಲೆಗಳಿಗೂ ಹೋದವು. ರೇಡಿಯೊ ಅವುಗಳನ್ನೇ ಹಾಡಿತು. ಗಡಿಯಿಂದ ಸಮುದ್ರದವರೆಗೆ ಮಕ್ಕಳು ಒಂದೇ ಜಾಗದಲ್ಲಿ ಉಸಿರೆಳೆದುಕೊಳ್ಳುವುದನ್ನು ಕಲಿತರು.

'ಪಾತ್ರ'ಕ್ಕೆ ಬಂದಾಗ ಭಾಷಣ ಕೈಕೊಟ್ಟಿತ್ತು. 'ನಾವು ಉಳಿಸಿದೆವು' ಎಂದು ಬರೆದಿದ್ದ. ಏನನ್ನು ಎಂದು ಬರೆಯುವ ಮೊದಲು ಚಹಾ ಕುಡಿಯಲು ಎದ್ದುಹೋಗಿದ್ದ.

ಈಗ ಹಳೆಯ ಪೇಟೆಯ ಕಡೆಗೆ ನಡೆಯುತ್ತ ಅವನಿಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಯಾರೋ ನೆರೆಮನೆಯ ಮುದುಕಿ ಬಟ್ಟೆ ಒಣಗಹಾಕುತ್ತ ಗುನುಗಿಕೊಂಡಿದ್ದು ಸಾಕ್ಷಿಯೇ? ಆ ಹಾಡು ತಟಕ್ಕನೆ ನಿಲ್ಲುತ್ತದೆ, ಮಾತಿನ ನಡುವೆ ಯಾರೋ ಬಾಗಿಲು ಹಾಕಿದ ಹಾಗೆ. ಅದೇ ಅದರ ಸೊಗಸು. ಪ್ಯಾರಿಸ್ಸಿನ ಸಮ್ಮೇಳನವೊಂದರಲ್ಲಿ ಅವನು 'ಹಠಾತ್ ನಿಲುಗಡೆಯ ಸೌಂದರ್ಯ' ಎಂಬ ಪ್ರಬಂಧ ಓದಿದ್ದ. ಸಮುದ್ರದಾಚೆಯ ಆಂದಲೂಸಿಯಾದಿಂದ ಓಡಿಸಲ್ಪಟ್ಟ ಪೂರ್ವಿಕರ ಗಾಯ ಆ ನಿಲುಗಡೆಯಲ್ಲಿ ಇನ್ನೂ ಹಸಿಯಾಗಿದೆ ಎಂದಿದ್ದ. ಮುಂದಿನ ಸಾಲಿನಲ್ಲಿ ಕೂತಿದ್ದ ಜರ್ಮನ್ ಮುದುಕಿಯೊಬ್ಬಳು ಕಣ್ಣೊರೆಸಿಕೊಂಡಿದ್ದಳು. ಎರಡನೆಯ ವರ್ಷದವರಿಗೆ ಅದೊಂದು ಪಾಠ. ಪರೀಕ್ಷೆಯಲ್ಲಿ ಪ್ರಶ್ನೆ ಖಂಡಿತ ಬರುತ್ತದೆ.

ಆದರೆ ಇನ್ನೊಂದು ಸಂಗತಿಯೂ ಎಲ್ಲರಿಗೂ ಗೊತ್ತಿತ್ತು. ಹಾಡು ಬಲ್ಲ ಹಳೆಯ ಶೇಖ್‌ಗಳು ಹೊರಗಿನವರಿಗೆ ಹಾಡನ್ನು ಬಾಲ ಕಡಿದು ಕೊಡುತ್ತಿದ್ದರು. ಕೇಳಲು ಬಂದವನು ನೆಟ್ಟಗಿದ್ದಾನೆ ಎಂದು ನಂಬಿಕೆ ಬಂದರೆ, ಅದೂ ಅವನಾಗಿಯೇ ಕೇಳಿದರೆ, ಉಳಿದದ್ದು ಸಿಗುತ್ತಿತ್ತು. ಕಡಿದದ್ದು ಗೊತ್ತೇ ಆಗದವನಿಗೆ ಪೂರ್ತಿ ಕೊಟ್ಟು ಏನು ಪ್ರಯೋಜನ ಎಂಬುದು ಅವರ ವಾದ. ಜುಬೈರ್ ಇದನ್ನು ತರಗತಿಯಲ್ಲಿ ಸ್ವಾರಸ್ಯವಾಗಿ ಹೇಳುತ್ತಿದ್ದ. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಅವನ ಕಥೆಗಳಲ್ಲಿ ಟೋಪಿ ಹಾಕಿಸಿಕೊಂಡವರೆಲ್ಲ ಬೇರೆಯವರು.

ಬಾಗಿಲು ತೆರೆದವಳು ಖಮೈಸ್ ಶೇಖ್ ಅವರ ಮಗಳು ಬೇಯಾ. ಸೊಂಟದ ಮೇಲೆ ಕೈಯಿಟ್ಟುಕೊಂಡು ಅವನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಓಹೋ, ಸೀ ಜುಬೈರ್! ನಮ್ಮ ಬೀದಿ ಇನ್ನೂ ಇದೆ ಅಂತ ನಿಮಗ್ಯಾರು ಹೇಳಿದ್ರು?"

"ಕೆಲಸ, ಬೇಯಾ. ಬಿಡುವೇ ಆಗಲ್ಲ."

"ಈದ್‌ಗೂ ಬಿಡುವಾಗಲ್ಲ, ಪಾಪ. ಬಾಬಾ ಸತ್ತ ಮೇಲೆ ಭಾಷಣ ಮಾಡೋಕೆ ಬರ್ತೀರಿ ಅಂದ್ಕೊಂಡಿದ್ದೆ. ಮೊದಲೇ ಬಂದುಬಿಟ್ರಿ." ಒಳಗೆ ತಿರುಗಿ ಕೂಗಿದಳು, "ಬಾಬಾ, ನಿಮ್ಮ ಕಾಗದದ ಹುಡುಗ!"

ಕಾಗದದ ಹುಡುಗನಿಗೆ ಐವತ್ತು ದಾಟಿತ್ತು. ಖಮೈಸ್ ಶೇಖ್ ಅಂಗಳದಲ್ಲಿ ಹಾಸಿಗೆ ಹಾಕಿಸಿಕೊಂಡು ಗೋಡೆಗೆ ಒರಗಿ ಕೂತಿದ್ದರು. ಅವರ ಕೆಂಪು ಟೋಪಿ ಮಾಡುವ ಅಂಗಡಿ ಎಂದೋ ಮುಚ್ಚಿತ್ತು. ಕೈ ಮಾತ್ರ ಟೋಪಿಯ ಉಣ್ಣೆ ಉಜ್ಜುವವರ ಹಾಗೆ ಮೊಣಕಾಲಿನ ಮೇಲೆ ಹಿಂದೆ ಮುಂದೆ ಆಡುತ್ತಿತ್ತು. ತಲೆದೆಸೆಯಲ್ಲಿ ರೇಡಿಯೊ ಹಾಡುತ್ತಿತ್ತು. ಜುಬೈರ್ ಬಾಗಿ ಅವರ ಭುಜಕ್ಕೆ ಮುತ್ತಿಟ್ಟ. ಮುದುಕರ ಕಣ್ಣು ಇನ್ನೂ ಚುರುಕಾಗಿತ್ತು. ಅದು ಅವನಿಗೆ ಸಮಾಧಾನ ಕೊಟ್ಟಿತು, ಭಯವನ್ನೂ.

ಬೇಯಾ ಕಿತ್ತಳೆ ಹೂವಿನ ನೀರು ಬೆರೆಸಿದ ಕಾಫಿ ತಂದಿಟ್ಟು, ರೇಡಿಯೊ ಆರಿಸಿ, ಹೊಸಿಲ ಮೇಲೆ ಕೂತಳು. ಜುಬೈರ್ ಬಳಸಿ ಬಳಸಿ ಮಾತಾಡಿದ. ಪರೀಕ್ಷೆ ಎಂದ. ಒಬ್ಬಳು ಹುಡುಗಿ ಎಂದ. ಅವಳ ಅಜ್ಜಿ ಪಕ್ಕದ ಮನೆಯವಳಂತೆ ಎಂದ.

"ನೇರ ಕೇಳೋ," ಎಂದರು ಶೇಖ್.

"ಆ ಹಾಡು... ನೀವು ನನಗೆ ಹೇಳಿಕೊಟ್ಟಿದ್ದು... ಅಲ್ಲೇ ನಿಲ್ಲುತ್ತಾ, ಶೇಖ್?"

ಮುದುಕರು ಅವನನ್ನೇ ನೋಡಿದರು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು. ನಗು ಕೆಮ್ಮಾಯಿತು. ಬೇಯಾ ಓಡಿಬಂದು ಬೆನ್ನು ತಟ್ಟಿದಳು.

"ಇಪ್ಪತ್ತೈದು ವರ್ಷ ಬೇಕಾಯ್ತೇನೋ ನಿನಗೆ?"

ಜುಬೈರ್ ಮುಂದಕ್ಕೆ ಬಾಗಿದ. "ಕಡಿದು ಕೊಟ್ರಾ?"

"ಮತ್ತೆ? ಟೈ ಕಟ್ಕೊಂಡು ಬಂದೆ. ಸರ್ಕಾರ ಕಳಿಸಿದೆ ಅಂದೆ. ನಾನು ಬಾಯಿ ತೆಗೆಯೋಕೆ ಮುಂಚೆನೇ ಬರೆಯೋಕೆ ಶುರುಮಾಡ್ತಿದ್ದೆ. ಆಗ್ಲಿ, ಇರ್ಲಿ ಅಂತ ಸ್ವಲ್ಪ ಇಟ್ಕೊಂಡೆ. ಆ ಚಳಿಗಾಲ ಪೂರ್ತಿ ಕಾದೆ ಕಣೋ. ಇವತ್ತು ಕೇಳ್ತಾನೆ, ನಾಳೆ ಕೇಳ್ತಾನೆ. 'ಶೇಖ್, ಇದ್ಯಾಕೆ ಇಲ್ಲಿ ಕುಂಟುತ್ತೆ?' ಅಷ್ಟು ಕೇಳಿದ್ರೆ ಸಾಕಿತ್ತು. ನೀನೇನಂದೆ ನೆನಪಿದ್ಯಾ?"

"ಇಲ್ಲ."

"'ಆಹಾ' ಅಂದೆ. ಕಣ್ಣು ಮುಚ್ಕೊಂಡು 'ಆಹಾ, ಎಂಥಾ ನಿಲುಗಡೆ' ಅಂದೆ. ನಾನೇನು ಮಾಡ್ಲಿ?"

ಬೇಯಾ ತಲೆವಸ್ತ್ರದ ಅಂಚಿನಲ್ಲಿ ನಗು ಮುಚ್ಚಿಕೊಂಡಳು.

"ಆಮೇಲಾದ್ರೂ ಹೇಳಬಹುದಿತ್ತಲ್ಲ," ಎಂದ ಜುಬೈರ್. ಧ್ವನಿ ಹುಡುಗನ ಹಾಗೆ ಒಡೆಯಿತು.

"ಆಮೇಲೆ ಪುಸ್ತಕ ತಂದೆ. ನನ್ನ ಹೆಸರು ಅಚ್ಚು ಹಾಕಿಸಿದ್ದೆ. ಇವಳು ಅದನ್ನ ಹಿಡ್ಕೊಂಡು ಬೀದಿ ತುಂಬ ತಿರುಗಿದ್ಲು. ರೇಡಿಯೊದಲ್ಲಿ ನನ್ನ ಹೆಸರು ಹೇಳಿದ್ರು. ಅಷ್ಟಾದ ಮೇಲೆ ಹೇಗೋ ಹೇಳೋದು, ಅದು ಅರ್ಧ ಅಂತ?" ಶೇಖ್ ಕಾಫಿಯ ಲೋಟ ಕೆಳಗಿಟ್ಟರು. "ನನಗೂ ಸಂಕೋಚ ಆಯ್ತು."

ಜುಬೈರನಿಗೆ ಆಶ್ಚರ್ಯವಾಗುವಂತೆ, ಎದೆಯೊಳಗೆ ಏನೋ ಸಡಿಲವಾಯಿತು. ಪ್ರಬಂಧ, ಪಾಠ, ಜರ್ಮನ್ ಮುದುಕಿಯ ಕಣ್ಣೀರು ಎಲ್ಲ ಹಾಳಾಗಿ ಹೋಗಲಿ. ಹಾಡಿಗೆ ಒಂದು ಕೊನೆ ಇತ್ತು. ಅದು ಈ ಅಂಗಳದಲ್ಲಿ, ಇವರ ಗಂಟಲಿನಲ್ಲಿ ಬದುಕಿತ್ತು. ಎಷ್ಟೋ ವರ್ಷಗಳ ನಂತರ ಅವನಿಗೆ ಏನಾದರೂ ಬೇಕೆನಿಸಿತು.

"ಈಗ ಕೇಳ್ತಿದೀನಿ, ಶೇಖ್. ಯಾಕೆ ಕುಂಟುತ್ತೆ?"

"ಹಾಂ! ಹಾಗೆ ಬಾ ದಾರಿಗೆ. ಕಾಗದ ಒಳಗಿಡು."

ಕಾಗದ ಅವನು ತೆಗೆದೇ ಇರಲಿಲ್ಲ. ಶೇಖ್ ನೆಟ್ಟಗೆ ಕೂತು, ಮೊಣಕಾಲಿನ ಮೇಲೆ ತಾಳ ಹಾಕುತ್ತ ಹಾಡತೊಡಗಿದರು. ಧ್ವನಿ ತೇಪೆ ತೇಪೆಯಾಗಿತ್ತು, ಆದರೆ ದಾರಿ ತಪ್ಪಲಿಲ್ಲ. ಬೇಯಾ ತಲೆಯಾಡಿಸುತ್ತಿದ್ದಳು. ಹಾಡು ಆ ಜಾಗಕ್ಕೆ ಬಂತು. ಜುಬೈರ್ ಉಸಿರು ಬಿಗಿಹಿಡಿದ.

ಶೇಖ್ ನಿಂತರು.

ಮುಗುಳ್ನಗುತ್ತ ತಮ್ಮ ಧ್ವನಿ ಮುಂದುವರಿಯಲೆಂದು ಕಾಯುವವರ ಹಾಗೆ ಕೂತಿದ್ದರು. ಅದು ಮುಂದುವರಿಯಲಿಲ್ಲ.

"ತಡಿ," ಎಂದರು. ಸ್ವಲ್ಪ ಹಿಂದಿನಿಂದ ಎತ್ತಿಕೊಂಡರು. ಮತ್ತೆ ಅದೇ ಜಾಗ. ಮತ್ತೆ ನಿಂತರು. ಮುಗುಳ್ನಗೆ ಮುಖದ ಮೇಲೆ ಹಾಗೇ ಉಳಿದಿತ್ತು, ಅದರ ಹಿಂದೆ ಯಾರೂ ಇರಲಿಲ್ಲ. ಮೂರನೆಯ ಸಲ ಮೊದಲಿನಿಂದ ಹಾಡಿದರು, ಗಟ್ಟಿಯಾಗಿ, ರೇಗಿದವರ ಹಾಗೆ. ಆ ಜಾಗಕ್ಕೆ ಬಂದು, ನಿಂತು, ನಿಂತ ವೇಗದಲ್ಲೇ ಮುಂದಿನ ಹಾಡಿಗೆ ಹೋದರು. ರೇಡಿಯೊದಲ್ಲಿ ಇದರ ಹಿಂದೆ ಯಾವಾಗಲೂ ಬರುವ ಹಾಡು.

ಬೇಯಾ ನಗಲು ಹೊರಟವಳು ನಿಲ್ಲಿಸಿದಳು.

"ಆ ರೇಡಿಯೊ ಆರಿಸೇ!"

"ಆಗಲೇ ಆರಿಸಿದೀನಿ, ಬಾಬಾ."

ಶೇಖ್ ಅದರತ್ತ ತಿರುಗಿ ನೋಡಿದರು. ಕೈ ಮೊಣಕಾಲಿನ ಮೇಲೆ ಉಜ್ಜತೊಡಗಿತು. "ಶುಕ್ರವಾರ ಶುಕ್ರವಾರ ಬರುತ್ತೆ ಅದು. ನಿನ್ನ ಶಾಲೆ ಮಕ್ಕಳು ಹಾಡ್ತಾರೆ. ನಾನೂ ಜೊತೆಗೆ ಹಾಡ್ತೀನಿ. ಮೊದಮೊದಲು ಅವರು ನಿಂತ ಮೇಲೂ ನಾನು ಮುಂದೆ ಹಾಡಿಕೊಂಡು ಹೋಗ್ತಿದ್ದೆ. ಆಮೇಲಾಮೇಲೆ..." ತಟಕ್ಕನೆ ಜುಬೈರನ ಮೊಣಕೈ ಹಿಡಿದುಕೊಂಡರು. "ಆ ಹುಡುಗಿ ಹಾಡಿದ್ಲಲ್ಲ ಬೆಳಿಗ್ಗೆ! ಹೇಗೆ ಹಾಡಿದ್ಲು? ನೀನು ಹಾಡು. ಒಂದು ತುದಿ ಸಿಕ್ಕಿದ್ರೆ ಸಾಕು ಕಣೋ, ಉಳಿದದ್ದನ್ನ ನಾನು ಎಳ್ಕೊಳ್ತೀನಿ."

ಜುಬೈರ್ ಬಾಯಿ ತೆರೆದ. ಕೊನೆಯ ಪದವನ್ನು ಅವಳು ಮೇಲಕ್ಕೆ ಒಯ್ದದ್ದು ನೆನಪಿತ್ತು. ಎಷ್ಟು ಮೇಲಕ್ಕೆ? ಅವಳ ಕಣ್ಣು ಮುಚ್ಚಿದ್ದು, ಮುನ್ಸಿಫನ ಪೆನ್ನು, ನಾಜಿಹಾಳ ಆಕಳಿಕೆ, ಎಲ್ಲ ನೆನಪಿತ್ತು. ಹಾಡು ಮಾತ್ರ ಇರಲಿಲ್ಲ. ಅವನು ಅದನ್ನು ಕೇಳಿಯೇ ಇರಲಿಲ್ಲ, ತಪ್ಪು ಎಂದು ಗುರುತಿಸಿದ್ದ ಅಷ್ಟೆ. ಗಂಟಲಿನಿಂದ ಬಂದದ್ದು ಪುಸ್ತಕ.

ಶೇಖ್ ಅವನ ಕೈ ಬಿಟ್ಟರು.

"ಕರ್ಕೊಂಡು ಬಾ ಅವಳನ್ನ."

"ಕರ್ಕೊಂಡು ಬರ್ತೀನಿ."

"ಈ ಸಲ ಬೇಗ ಬಾ," ಎಂದರು. ಅದರಲ್ಲಿ ಚುಚ್ಚು ಇರಲಿಲ್ಲ, ಬೇಡಿಕೆಯಿತ್ತು. ಅದನ್ನು ಕೇಳಲು ಅವನಿಗೆ ಕಷ್ಟವಾಯಿತು.

ಹಿಂದಿರುಗುವಾಗ ಅವನು ಹೆಚ್ಚುಕಡಿಮೆ ಓಡಿದ. ಈಗ ಈ ಊರಿನಲ್ಲಿ, ಈ ದೇಶದಲ್ಲಿ, ಹಾಡಿನ ಕೊನೆ ಇರುವುದು ಒಬ್ಬಳ ಬಾಯಲ್ಲಿ. ಅವಳು ಒಂದು ಸಲ ಹಾಡಿದರೆ ಸಾಕು. ಮುನ್ಸಿಫನ ಮುಂದೆ ಹೇಳಿಬಿಡುವುದು: ಪುಸ್ತಕ ತಪ್ಪು, ನಾನು ತಪ್ಪು, ಹುಡುಗಿ ಸರಿ. ವಾಕ್ಯ ಚಿಕ್ಕದಾಗಿತ್ತು. ದಾರಿಯುದ್ದಕ್ಕೂ ಅದನ್ನು ಹೇಳಿ ಹೇಳಿ ನೋಡಿದ. ಒಮ್ಮೆ ಜೋರಾಗಿ ಹೇಳಿದಾಗ ಹಾದುಹೋಗುತ್ತಿದ್ದ ಮೀನು ಮಾರುವವನು ತಿರುಗಿ ನೋಡಿದ.

ದಲೆಂದಾ ಪರೀಕ್ಷೆಯ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ತುಟಿ ಸದ್ದಿಲ್ಲದೆ ಆಡುತ್ತಿತ್ತು. ಅವನನ್ನು ಕಂಡು ದಡಬಡಿಸಿ ಎದ್ದಳು.

"ಬೆಳಿಗ್ಗೆ ಹಾಡಿದೆಯಲ್ಲ, ಅದನ್ನ ಇನ್ನೊಂದು ಸಲ ಹಾಡು," ಎಂದ ಏದುಸಿರು ಬಿಡುತ್ತ.

"ಸರಿ ಮಾಡ್ಕೊಂಡಿದೀನಿ, ಸರ್. ಡೈರೆಕ್ಟರ್ ಸಾಹೇಬ್ರು ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ಮಧ್ಯಾಹ್ನ ಊಟಕ್ಕೂ ಹೋಗದೆ ಕೂತು ತಿದ್ಕೊಂಡೆ."

"ತಿದ್ದಬೇಡ! ಅಜ್ಜಿ ಹಾಡಿದ ಹಾಗೇ ಹಾಡು. ಇಲ್ಲೇ, ಮೆಲ್ಲಗೆ."

ಹುಡುಗಿ ಅವನನ್ನು ಅನುಮಾನದಿಂದ ನೋಡಿದಳು. "ಇದೂ ಪರೀಕ್ಷೆನಾ, ಸರ್?"

"ಅಲ್ಲಮ್ಮಾ."

"ಹಾಗಾದ್ರೆ ಪುಸ್ತಕ ತಪ್ಪಾ?"

ಜುಬೈರ್ ಅತ್ತಿತ್ತ ನೋಡಿದ. ಗೋಡೆಯ ಮೇಲೆ ಸಂಸ್ಥಾಪಕರ ಫೋಟೊಗಳಿದ್ದವು. ಜವಾನನೊಬ್ಬ ಸಮಾರಂಭಕ್ಕೆಂದು ಅವುಗಳ ಧೂಳು ಒರೆಸುತ್ತಿದ್ದ.

"ಒಂದು... ಪಾಠಾಂತರ ಇದ್ದಿರಬಹುದು."

"ಪಾಠಾಂತರಕ್ಕೆ ಅಂಕ ಕೊಡ್ತಾರಾ, ಸರ್?" ಅವಳು ಕೇಳಿದ್ದು ವ್ಯಂಗ್ಯಕ್ಕಲ್ಲ. ನಿಜವಾಗಿಯೂ ತಿಳಿಯಬೇಕಿತ್ತು. ಅವನು ಮತ್ತೆ ಫೋಟೊಗಳ ಕಡೆ ನೋಡಿದಾಗ ಧ್ವನಿ ತಗ್ಗಿಸಿದಳು. "ನನಗೆ ಆ ಕೆಲಸ ಬೇಕು, ಸರ್. ಅಮ್ಮ ಆಗಲೇ ಹಾಸಿಗೆ ಬಟ್ಟೆ ಕಟ್ಟಿಟ್ಟಿದ್ದಾಳೆ. ನೀವು ಒಳಗೆ ಬಂದು ಅವರ ಮುಂದೆ ಹೇಳಿಬಿಡಿ, ಅಜ್ಜಿ ಹಾಡಿದ್ದು ಸರಿ ಅಂತ. ಆಮೇಲೆ ಹಾಡ್ತೀನಿ, ಎಷ್ಟು ಸಲ ಬೇಕಾದ್ರೂ ಹಾಡ್ತೀನಿ. ಮೊದಲು ನೀವು ಹೇಳಿ."

"ಹೇಳ್ತೀನಿ," ಎಂದ ಜುಬೈರ್. ಆ ಗಳಿಗೆಯಲ್ಲಿ ಅದು ಸುಳ್ಳಾಗಿರಲಿಲ್ಲ.

ಒಳಗೆ ಮುನ್ಸಿಫ್ ಖುಷಿಯಾಗಿದ್ದ. ಮೇಜಿನ ಮೇಲೆ ಸಮಾರಂಭದ ಆಹ್ವಾನಪತ್ರಿಕೆಗಳು ಅಚ್ಚಾಗಿ ಬಂದಿದ್ದವು. ನಾಜಿಹಾ ಅವುಗಳ ಅಂಚಿನ ಚಿನ್ನದ ಬಣ್ಣವನ್ನು ಉಗುರಿನಿಂದ ಕೆರೆದು ನೋಡುತ್ತಿದ್ದಳು.

"ಬನ್ನಿ, ಬನ್ನಿ. ಈ ಹಾಡನ್ನೇ ಕೊನೆಗಿಟ್ಟಿದೀವಿ, ನೂರು ಜನ ಒಟ್ಟಿಗೆ. ಮಂತ್ರಿಗಳಿಗೆ ಆ ನಿಲುಗಡೆ ಅಂದ್ರೆ ಪ್ರಾಣವಂತೆ. ನಿಮ್ಮ ಪ್ರಬಂಧ ಓದಿಸಿ ಕೇಳಿದ್ದಾರೆ, ಗೊತ್ತಾ?" ಅವನು ಕುರ್ಚಿ ಎಳೆದುಕೊಟ್ಟ. "ಅಂದಹಾಗೆ, ಏನಂದ್ರು ನಿಮ್ಮ ಶೇಖ್?"

ದಲೆಂದಾ ಬಾಗಿಲ ಬಳಿ ನಿಂತಿದ್ದಳು. ಅವಳತ್ತ ನೋಡದೆಯೇ ಅವಳು ತನ್ನನ್ನು ನೋಡುತ್ತಿರುವುದು ಜುಬೈರನಿಗೆ ಗೊತ್ತಿತ್ತು. ದಾರಿಯುದ್ದಕ್ಕೂ ಹೇಳಿಕೊಂಡು ಬಂದ ವಾಕ್ಯ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಅದನ್ನು ಹೇಳಿದರೆ ಈ ಕೋಣೆಯಲ್ಲಿ ಮುಂದಿನ ಕ್ಷಣ ಹೇಗಿರುತ್ತದೆ ಎಂದು ಊಹಿಸಲು ಹೋದ. ಊಹಿಸಲು ಹೋಗಬಾರದಿತ್ತು. ಅಷ್ಟರಲ್ಲಿ ಇನ್ನೊಂದು ವಾಕ್ಯ ಸಿಕ್ಕಿತು. ಅದೂ ಅಕ್ಷರಶಃ ನಿಜವಾಗಿತ್ತು.

"ವಯಸ್ಸಾಗಿದೆ," ಎಂದ. "ನೆನಪಿಲ್ಲ ಅವರಿಗೆ."

"ನಾನಂದುಕೊಂಡೆ. ಪಾಪ." ಮುನ್ಸಿಫ್ ನಿಟ್ಟುಸಿರು ಬಿಟ್ಟ. "ಅದಕ್ಕೇ ತಾನೇ ನಾವಿರೋದು? ಸರಿ ಹಾಗಾದ್ರೆ, ಪುಸ್ತಕವೇ ಸರಿ."

ಜುಬೈರ್ ಕೂತ. ಕೂತ ಮೇಲೆ ಏನಾದರೂ ಹೇಳಲೇಬೇಕಿತ್ತು. ಹಿರಿಯ ಪರೀಕ್ಷಕ ಅವನೇ.

"ಶುರು ಮಾಡಮ್ಮಾ," ಎಂದ.

ಹುಡುಗಿ ಮುಂದೆ ಬಂದು ನಿಂತಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಅವನಿಗೆ ಒಳ್ಳೆಯದಾಗುತ್ತಿತ್ತು. ಮೊದಲೇ ಗೊತ್ತಿದ್ದದ್ದು ಗೊತ್ತಾದವಳ ಹಾಗೆ ತಲೆಯಾಡಿಸಿ ಹಾಡತೊಡಗಿದಳು. ಒಂದು ಸ್ವರವೂ ಆಚೀಚೆಯಾಗಲಿಲ್ಲ. ಬೆಳಗಿಗಿಂತ ಚೆನ್ನಾಗಿ ಹಾಡಿದಳು. ಜುಬೈರ್ ಈ ಸಲ ಪುಸ್ತಕ ನೋಡದೆ ಕೇಳಿದ, ಮೈಯೆಲ್ಲ ಕಿವಿಯಾಗಿ ಕೇಳಿದ. ಮರೆತು ಹಾಡಿಬಿಡು, ಬಾಯಿಗೆ ಬಂದುಬಿಡಲಿ ಎಂದು ಒಳಗೊಳಗೇ ಅಂಗಲಾಚಿದ.

ಆ ಜಾಗ ಬಂತು. ದಲೆಂದಾ ನಿಂತಳು.

"ಶಭಾಷ್!" ಎಂದ ಮುನ್ಸಿಫ್. ನಾಜಿಹಾ ಎರಡು ಬೆರಳಿನಿಂದ ಅಂಗೈ ತಟ್ಟಿದಳು. ಅಂಕ ಹಾಕುವ ಸದ್ದು ಕೇಳಿತು.

ಜುಬೈರ್ ತಲೆಯೆತ್ತಿ ನೋಡಿದ. ಅಜ್ಜಿಯ ಆ ಕೊನೆಗೆಂದು ಮೈ ತಾನಾಗಿಯೇ ಎಳೆದುಕೊಂಡಿದ್ದ ಉಸಿರು ಹುಡುಗಿಯ ಒಳಗೇ ಉಳಿದಿತ್ತು. ಭುಜಗಳು ಮೇಲೆದ್ದಿದ್ದವು. ತುಟಿ ಸ್ವಲ್ಪ ತೆರೆದಿತ್ತು. ಹಾಡಲೂ ಇಲ್ಲ, ಉಸಿರು ಬಿಡಲೂ ಇಲ್ಲ, ಅವರು ಹೋಗು ಅನ್ನುವುದನ್ನು ಕಾಯುತ್ತ ಹಾಗೇ ನಿಂತಿದ್ದಳು. ಆ ಭುಜಗಳು ಇಳಿಯಲೆಂದು ಅವನು ಕಾದ.